ಮಗು ಬರೆಯಲಿ, ಮನೆಯವರು ಕೇಳಲಿ

(ಪೋಷಕರ ಸಭೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಸಭೆ, ಸ್ವಸಹಾಯ ಸಂಘಗಳ ವಾರದ ಸಭೆ ಹಾಗೂ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಓದಿ ಚರ್ಚಿಸಲು)

ಮಗುವಿನ ಬರವಣಿಗೆ ಸುಧಾರಿಸಬೇಕೆಂಬ ಮಾತು ಬಂದಾಗ ಬಹುತೇಕ ಮನೆಗಳಲ್ಲಿ ಮೊದಲು ಆಗುವ ಕೆಲಸವೆಂದರೆ ಅಂಗಡಿಯಿಂದ ಕಾಪಿ ಪುಸ್ತಕವೊಂದನ್ನು ತರುವುದು. ದಿನಕ್ಕೊಂದು ಪುಟವೆಂದು ಗೊತ್ತುಪಡಿಸಲಾಗುತ್ತದೆ. ಮಗು ಮೇಲಿನ ಸಾಲನ್ನು ನೋಡಿ ಅದನ್ನೇ ಹತ್ತು ಬಾರಿ ಬರೆಯುತ್ತದೆ. ಐದನೆಯ ಸಾಲಿನ ಹೊತ್ತಿಗೆ ಮಾದರಿಯನ್ನು ಬಿಟ್ಟು, ತಾನೇ ಬರೆದ ಹಿಂದಿನ ಸಾಲನ್ನು ನೋಡಿ ಬರೆಯತೊಡಗುತ್ತದೆ. ಅಲ್ಲಿದ್ದ ತಪ್ಪು ಪುಟದ ತಳದವರೆಗೂ ಇಳಿಯುತ್ತದೆ. ವರ್ಷ ಕಳೆಯುವಷ್ಟರಲ್ಲಿ ಅಕ್ಷರವೇನೋ ದುಂಡಗಾಗಿರುತ್ತದೆ. ಆದರೆ ಅದೇ ಮಗುವಿಗೆ ‘ನಿನ್ನೆ ಸಂತೆಯಲ್ಲಿ ಏನು ನೋಡಿದೆ, ನಾಲ್ಕು ವಾಕ್ಯ ಬರೆ’ ಎಂದರೆ ಪೆನ್ಸಿಲ್ಲಿನ ತುದಿ ಕಚ್ಚುತ್ತಾ ಕುಳಿತುಬಿಡುತ್ತದೆ.

ಕನ್ನಡದಲ್ಲಿ ಕೈಬರಹಕ್ಕೂ ‘ಬರವಣಿಗೆ’ ಎನ್ನುತ್ತೇವೆ, ಯೋಚಿಸಿ ಬರೆದುದಕ್ಕೂ ‘ಬರವಣಿಗೆ’ ಎನ್ನುತ್ತೇವೆ. ಒಂದೇ ಪದವಿರುವುದರಿಂದ ಎರಡೂ ಒಂದೇ ಕೆಲಸವೆಂಬ ಭಾವನೆ ಬೆಳೆದಿದೆ. ಮೊದಲನೆಯದು ಕೈಯ ಕೆಲಸ. ಎರಡನೆಯದು ಮನಸ್ಸಿನ ಕೆಲಸ. ಕಾಪಿ ಪುಸ್ತಕ ಮೊದಲನೆಯದಕ್ಕೆ ಮಾತ್ರ ಒದಗುತ್ತದೆ. ಎರಡನೆಯದನ್ನು ಬೆಳೆಸುವ ಸಾಮಗ್ರಿ ಯಾವ ಅಂಗಡಿಯಲ್ಲೂ ದೊರೆಯುವುದಿಲ್ಲ. ಅದು ಮನೆಯ ಮಾತುಕತೆಯಲ್ಲಿದೆ. ಈ ಲೇಖನದ ಉದ್ದೇಶ ಮುಖ್ಯವಾಗಿ ಅದನ್ನು ತಿಳಿಸುವುದೇ ಆಗಿದೆ.

ಕೈಗೆ ಬೇಕಾದ ಅಭ್ಯಾಸ

ಹಾಗೆಂದು ಅಕ್ಷರಾಭ್ಯಾಸವನ್ನು ಹಗುರವಾಗಿ ಕಾಣುವಂತಿಲ್ಲ. ಕನ್ನಡ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ ಮತ್ತು 34 ವ್ಯಂಜನ ಸೇರಿ 49 ಅಕ್ಷರಗಳಿವೆ ಎಂದು ಎಲ್ಲರೂ ಬಲ್ಲರು. ಆದರೆ ಮಗು ಕಲಿಯಬೇಕಾದದ್ದು 49 ಆಕಾರಗಳನ್ನಷ್ಟೇ ಅಲ್ಲ. ಪ್ರತಿ ವ್ಯಂಜನಕ್ಕೂ ಕಾಗುಣಿತದ 15 ರೂಪಗಳಿರುವುದರಿಂದ 34 ವ್ಯಂಜನಗಳಿಗೆ 510 ರೂಪಗಳಾಗುತ್ತವೆ. ಒತ್ತಕ್ಷರಗಳ ಲೆಕ್ಕ ಇದರ ಮೇಲೆ. ‘ವ’ದ ಪಕ್ಕಕ್ಕೆ ಒಂದು ಬಾಲ ಬಂದರೆ ‘ಮ’ ಆಗುತ್ತದೆ. ‘ದ’ದ ಕೆಳಗೆ ಒಂದು ಸೀಳು ಬಂದರೆ ‘ಧ’ ಆಗುತ್ತದೆ. ಇಷ್ಟು ಸೂಕ್ಷ್ಮಗಳನ್ನು ನೆನಪಿಟ್ಟುಕೊಳ್ಳುವುದರಲ್ಲೇ ಮಗುವಿನ ಗಮನವೆಲ್ಲ ಖರ್ಚಾದರೆ, ಹೇಳಬೇಕಾದ ವಿಷಯಕ್ಕೆ ಗಮನ ಉಳಿಯುವುದಿಲ್ಲ. ಆದುದರಿಂದ ಮೊದಲ ಎರಡು ಮೂರು ವರ್ಷ ಕೈಯನ್ನು ಪಳಗಿಸುವುದು ಅವಶ್ಯ. 2021ರ ಜುಲೈ 5ರಂದು ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮವೂ ಮೂರನೆಯ ತರಗತಿಯ ಅಂತ್ಯಕ್ಕೆ ಅರ್ಥ ತಿಳಿದು ಓದುವ ಹಾಗೂ ಬರೆಯುವ ಸಾಮರ್ಥ್ಯ ಪ್ರತಿ ಮಗುವಿಗೂ ಬರಬೇಕೆಂದು ಗುರಿಯಿಟ್ಟುಕೊಂಡಿದೆ. ಇಲ್ಲಿ ‘ಅರ್ಥ ತಿಳಿದು’ ಎಂಬ ಮಾತನ್ನು ಗಮನಿಸಬೇಕು.

ಅಭ್ಯಾಸಕ್ಕೆ ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ವಾರವೆಲ್ಲ ಬಿಟ್ಟು ಭಾನುವಾರ ಎರಡು ಗಂಟೆ ಕೂರಿಸುವುದರಿಂದ ಪ್ರಯೋಜನವಿಲ್ಲ. ಹೊಸ ಕಾಂಕ್ರೀಟಿಗೆ ಕನಿಷ್ಠ 7 ದಿನ ತೇವ ಆರದಂತೆ ನೀರುಣಿಸಬೇಕೆಂಬುದು ಊರಿನ ಪ್ರತಿ ಮೇಸ್ತ್ರಿಗೂ ಗೊತ್ತು. ಏಳು ದಿನದ ನೀರನ್ನು ಒಂದೇ ದಿನ ಸುರಿದರೆ ಅದು ಗಟ್ಟಿಯಾಗುವುದಿಲ್ಲ. ಮಗುವಿನ ಕೈಗೂ ಇದೇ ನಿಯಮ. ಕಾಲು ನೆಲಕ್ಕೆ ತಾಗುವಂತೆ ಅಥವಾ ಚಕ್ಕಳಮಕ್ಕಳ ಹಾಕಿ ಮಣೆಯೊಂದರ ಮುಂದೆ ಕುಳಿತು ಬರೆಯಲಿ. ಮಂಚದ ಮೇಲೆ ಬೋರಲು ಮಲಗಿ ಬರೆಯುವುದು ಬೇಡ. ತನ್ನ ಕೈಯ ನೆರಳು ಪುಟದ ಮೇಲೆ ಬೀಳದಂತೆ ಬೆಳಕು ಇರಲಿ. ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ತಿರುಗಿಸುವ ಪ್ರಯತ್ನ ಈಗಲೂ ಕೆಲವು ಮನೆಗಳಲ್ಲಿ ನಡೆಯುತ್ತಿದೆ. ಅದನ್ನು ಸಂಪೂರ್ಣವಾಗಿ ಕೈಬಿಡಬೇಕು.

ಬರೆಯುವ ಮೊದಲು ಮಾತು

ಐದನೆಯ ತರಗತಿಯ ಒಂದು ಮಗುವಿಗೆ ‘ಹಸು’ ಎಂಬ ವಿಷಯದ ಮೇಲೆ ಬರೆದು ತರಲು ಹೇಳಲಾಗಿದೆ ಎಂದು ಭಾವಿಸೋಣ. ಮಗು ಹೀಗೆ ಬರೆಯುತ್ತದೆ: ‘ಹಸು ಒಂದು ಸಾಕುಪ್ರಾಣಿ. ಹಸುವಿಗೆ ನಾಲ್ಕು ಕಾಲುಗಳಿವೆ. ಹಸು ಹಾಲು ಕೊಡುತ್ತದೆ. ಹಸು ಬಹಳ ಉಪಯುಕ್ತ ಪ್ರಾಣಿಯಾಗಿದೆ.’

ಇದರಲ್ಲಿ ಕಾಗುಣಿತದ ತಪ್ಪಿಲ್ಲ, ವ್ಯಾಕರಣದ ದೋಷವಿಲ್ಲ. ಆದರೆ ಈ ನಾಲ್ಕು ವಾಕ್ಯಗಳನ್ನು ಹಸುವನ್ನು ಎಂದೂ ಕಾಣದ ಮಗುವೂ ಗೈಡ್ ನೋಡಿ ಬರೆಯಬಲ್ಲದು. ಈ ಮಗುವಿನ ಮನೆಯಲ್ಲಾದರೋ ಹಸುವಿದೆ. ಅದು ಹೋದ ವಾರವಷ್ಟೇ ಕರು ಹಾಕಿದೆ. ತಾಯಿ ಸೊಪ್ಪು ಬಿಡಿಸುತ್ತಾ ಕೇಳುತ್ತಾಳೆ:

“ಗೌರಿ ಕರು ಹಾಕ್ದಾಗ ನೀನೆಲ್ಲಿದ್ದೆ ಮಗಾ?”

“ಕೊಟ್ಟಿಗೆ ಬಾಗ್ಲಲ್ಲೇ ನಿಂತಿದ್ದೆ ಕಣವ್ವ. ಅಪ್ಪ ಒಳಕ್ಕೆ ಬಿಡ್ಲಿಲ್ಲ.”

“ಆಮೇಲೆ?”

“ಕರು ಎದ್ದು ನಿಲ್ಲೋಕ್ ಹೋಯ್ತು, ಬಿದ್ದೋಯ್ತು. ಮೂರು ಸಲ ಬಿತ್ತು. ಗೌರಿ ನೆಕ್ತಾನೇ ಇತ್ತು.”

“ಈಗ ನಂಗೆ ಹೇಳಿದ್ಯಲ್ಲ, ಅದನ್ನೇ ಬರಿ.”

ಮಗು ಬರೆಯುತ್ತದೆ: ‘ಗೌರಿ ಕರು ಹಾಕಿದಾಗ ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಒಳಗೆ ಬಿಡಲಿಲ್ಲ. ಕರು ಎದ್ದು ನಿಲ್ಲಲು ಹೋಗಿ ಮೂರು ಸಲ ಬಿತ್ತು. ಗೌರಿ ಅದನ್ನು ನೆಕ್ಕುತ್ತಲೇ ಇತ್ತು.’

ಎರಡನೆಯದೂ ನಾಲ್ಕೇ ವಾಕ್ಯ. ಆದರೆ ಇವನ್ನು ಬೇರೆ ಯಾವ ಮಗುವೂ ಬರೆಯಲಾರದು. ಮೊದಲ ಬರಹಕ್ಕೂ ಎರಡನೆಯದಕ್ಕೂ ನಡುವೆ ನಡೆದದ್ದು ಎರಡು ಪ್ರಶ್ನೆ ಮಾತ್ರ. ತಾಯಿ ವಾಕ್ಯ ಹೇಳಿಕೊಡಲಿಲ್ಲ, ಪದ ಹೇಳಿಕೊಡಲಿಲ್ಲ. ಮಗು ಕಂಡದ್ದನ್ನು ಬಾಯಿಗೆ ತರಿಸಿದಳು. ಬಾಯಿಗೆ ಬಂದದ್ದು ಕೈಗೆ ಇಳಿಯುವುದು ಸುಲಭ. ‘ಚೆನ್ನಾಗಿ ಬರೆ’, ‘ಇನ್ನೂ ಉದ್ದ ಬರೆ’ ಎಂಬ ಮಾತುಗಳಿಂದ ಮಗುವಿಗೆ ಯಾವ ದಾರಿಯೂ ಕಾಣುವುದಿಲ್ಲ. ‘ಆಮೇಲೆ ಏನಾಯಿತು’, ‘ಯಾವ ಬಣ್ಣದ್ದು’, ‘ಅವರು ಏನೆಂದರು’, ‘ಎಷ್ಟು ಹೊತ್ತು’ ಎಂಬ ಪ್ರಶ್ನೆಗಳಿಂದ ಕಾಣುತ್ತದೆ. ಇಂತಹ ಪ್ರಶ್ನೆ ಕೇಳಲು ಪ್ರತ್ಯೇಕ ಸಮಯ ಮೀಸಲಿಡಬೇಕೆಂದೂ ಇಲ್ಲ. ಡೈರಿಗೆ ಹಾಲು ಹಾಕಲು ಹೋಗುವ ದಾರಿ, ರಾತ್ರಿ ಊಟದ ಹೊತ್ತು ಸಾಕಾಗುತ್ತದೆ.

ಮನೆಯ ಮಾತು ಕನ್ನಡವಲ್ಲದ ಕುಟುಂಬಗಳು ಪ್ರತಿ ತಾಲ್ಲೂಕಿನಲ್ಲೂ ಇವೆ. ಲಂಬಾಣಿ, ತುಳು, ಉರ್ದು, ತೆಲುಗು, ಮರಾಠಿ, ಕೊಂಕಣಿ ಮಾತನಾಡುವ ಮನೆಯ ಮಗು ಮೊದಲು ತನ್ನ ಮನೆಮಾತಿನಲ್ಲೇ ಹೇಳಲಿ. ಹೇಳಿ ಮುಗಿಸಿದ ಮೇಲೆ ಕನ್ನಡದಲ್ಲಿ ಬರೆಯಲಿ. ಯೋಚನೆ ಒಮ್ಮೆ ಅಣಿಯಾದರೆ ಪದ ಹುಡುಕುವುದು ಅಷ್ಟು ಕಷ್ಟವಾಗದು. ಯೋಚನೆಯನ್ನೂ ಪದವನ್ನೂ ಒಟ್ಟಿಗೆ ಹುಡುಕು ಎಂದರೆ ಮಗು ಎರಡನ್ನೂ ಬಿಟ್ಟುಬಿಡುತ್ತದೆ.

ಓದುಬರಹ ಬಾರದ ಹಿರಿಯರ ಪಾತ್ರ

‘ನಮಗೇ ಓದಲು ಬರುವುದಿಲ್ಲ, ಮಗುವಿಗೆ ಏನು ಹೇಳಿಕೊಡುವುದು’ ಎಂಬ ಮಾತು ಪೋಷಕರ ಸಭೆಗಳಲ್ಲಿ ಕೇಳಿಬರುತ್ತದೆ. ಈ ಸಂಕೋಚದಿಂದಲೇ ಅನೇಕ ತಾಯಂದಿರು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಮಾತನಾಡದೆ ಎದ್ದುಹೋಗುತ್ತಾರೆ. 2011ರ ಜನಗಣತಿಯ ಪ್ರಕಾರ ರಾಜ್ಯದ ಮಹಿಳಾ ಸಾಕ್ಷರತೆ ಶೇ. 68.08. ಅಂದರೆ ಆಗ ಏಳು ವರ್ಷ ಮೇಲ್ಪಟ್ಟ ಪ್ರತಿ ಮೂವರು ಮಹಿಳೆಯರಲ್ಲಿ ಸರಿಸುಮಾರು ಒಬ್ಬರಿಗೆ ಓದುಬರಹ ಬರುತ್ತಿರಲಿಲ್ಲ. ಮಗುವಿನ ಬರವಣಿಗೆಗೆ ಸಹಾಯ ಮಾಡಲು ಅಕ್ಷರ ಬಲ್ಲವರೇ ಬೇಕೆಂದಾದರೆ ಇಷ್ಟು ಮನೆಗಳು ಆರಂಭದಲ್ಲೇ ಹೊರಗುಳಿಯುತ್ತವೆ. ವಾಸ್ತವದಲ್ಲಿ ಹಾಗೇನೂ ಇಲ್ಲ.

ಮೇಲಿನ ಉದಾಹರಣೆಯನ್ನೇ ಮುಂದುವರಿಸಬಹುದು. ಮಗು ತಾನು ಬರೆದುದನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳುತ್ತದೆ. ಅಜ್ಜಿ ಆ ದಿನ ಊರಲ್ಲಿರಲಿಲ್ಲ. ‘ಅಪ್ಪ ಒಳಗೆ ಬಿಡಲಿಲ್ಲ’ ಎಂಬ ವಾಕ್ಯ ಬಂದಾಗ ಆಕೆ ತಡೆದು “ಅದ್ಯಾಕೆ ಬಿಡ್ಲಿಲ್ಲವಂತೆ?” ಎಂದು ಕೇಳುತ್ತಾಳೆ. ಮಗುವಿಗೆ ಕಾರಣ ಗೊತ್ತಿದೆ. ಪುಟದಲ್ಲಿ ಅದು ಇಲ್ಲ. ಆಗ ಮಗು ಪೆನ್ಸಿಲ್ ತೆಗೆದುಕೊಂಡು ಸೇರಿಸುತ್ತದೆ: ‘ಆಗಷ್ಟೇ ಕರು ಹಾಕಿದ ಹಸು ಹತ್ತಿರ ಬಂದವರನ್ನು ಹಾಯುತ್ತದೆ ಎಂದು ಅಪ್ಪ ಹೇಳಿದರು.’

ಓದುವವರಿಗೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬ ಎಚ್ಚರವೇ ಬರವಣಿಗೆಯ ಮೊದಲ ಪಾಠ. ಆ ಪಾಠವನ್ನು ಇಲ್ಲಿ ಕಲಿಸಿದವಳು ಹೆಬ್ಬೆಟ್ಟು ಒತ್ತುವ ಅಜ್ಜಿ. ಅಕ್ಷರ ಬಲ್ಲವರ ಕಣ್ಣು ಮಗುವಿನ ಪುಸ್ತಕದಲ್ಲಿ ಮೊದಲು ಹುಡುಕುವುದು ಕೊಂಬು, ದೀರ್ಘ, ಒತ್ತುಗಳ ತಪ್ಪನ್ನು. ಅಕ್ಷರ ಬಾರದವರು ಕೇಳುವುದು ವಿಷಯವನ್ನು ಮಾತ್ರ. ಈ ಒಂದು ಕಾರಣಕ್ಕೆ ಅವರೇ ಹೆಚ್ಚು ಒಳ್ಳೆಯ ಕೇಳುಗರು ಎನ್ನಲೂ ಅಡ್ಡಿಯಿಲ್ಲ.

ಗಟ್ಟಿಯಾಗಿ ಓದುವುದರಿಂದ ಮತ್ತೊಂದು ಲಾಭವಿದೆ. ಬರೆಯುವಾಗ ಬಿಟ್ಟುಹೋದ ಪದ, ಎರಡು ಬಾರಿ ಬಂದ ಪದ, ಕೊನೆಯೇ ಇಲ್ಲದೆ ಸಾಗಿದ ವಾಕ್ಯ ಇವೆಲ್ಲ ಕಣ್ಣಿಗೆ ಕಾಣದಿದ್ದರೂ ಕಿವಿಗೆ ಸಿಕ್ಕಿಬೀಳುತ್ತವೆ. ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಪೂರ್ಣವಿರಾಮ ಬೇಕಾಗಿತ್ತೆಂಬುದು ಮಗುವಿಗೆ ತಾನಾಗಿಯೇ ಹೊಳೆಯುತ್ತದೆ.

ತಪ್ಪುಗಳ ವಿಚಾರ

ವಿಷಯ ಮುಖ್ಯವೆಂದ ಮಾತ್ರಕ್ಕೆ ಕಾಗುಣಿತವನ್ನು ಕಡೆಗಣಿಸಬಹುದೆಂದು ಅರ್ಥವಲ್ಲ. ‘ಬೆಳೆ’, ‘ಬೇಳೆ’, ‘ಬೆಲೆ’ ಈ ಮೂರು ಪದಗಳಲ್ಲಿ ಒಂದು ದೀರ್ಘ ತಪ್ಪಿದರೆ ಹೊಲದಲ್ಲಿರುವುದು ಡಬ್ಬಿಗೆ ಬರುತ್ತದೆ; ‘ಳ’ಕಾರ ತಪ್ಪಿದರೆ ಬೆಳೆಯೇ ಬೆಲೆಯಾಗುತ್ತದೆ. ಒಂದು ಒತ್ತು ಹೆಚ್ಚಾದರೆ ‘ಕತೆ’ ‘ಕತ್ತೆ’ಯಾಗುತ್ತದೆ. ಇಂತಹ ಜೋಡಿಗಳನ್ನು ಮಕ್ಕಳು ಆಟದಂತೆ ಹುಡುಕಿ ಆನಂದಿಸುತ್ತಾರೆ. ಹುಲಿ ಮತ್ತು ಹುಳಿ, ಹಲ್ಲಿ ಮತ್ತು ಹಳ್ಳಿ, ಬಳೆ ಮತ್ತು ಬಾಳೆ ಎಂದು ಮನೆಯವರೆಲ್ಲ ಸೇರಿ ಹೇಳುತ್ತಾ ಹೋದರೆ ಅರ್ಧ ಗಂಟೆ ಕಳೆದದ್ದು ತಿಳಿಯುವುದಿಲ್ಲ. ತಪ್ಪಿದ ಪದವನ್ನು ಐವತ್ತು ಬಾರಿ ಬರೆಸುವ ಶಿಕ್ಷೆಗಿಂತ ಇದು ಮೇಲು.

ಕೆಲವು ತಪ್ಪುಗಳಿಗೆ ಮಗುವಿನ ಅಜಾಗರೂಕತೆ ಕಾರಣವಲ್ಲ. ಊರಿನ ಉಚ್ಚಾರಣೆ ಕಾರಣ. ಹಳೆಯ ಮೈಸೂರು ಭಾಗದ ಅನೇಕ ಊರುಗಳಲ್ಲಿ ‘ಹಾಲು’ ಎಂಬುದು ‘ಆಲು’ ಎಂದೇ ಕೇಳಿಸುತ್ತದೆ. ಕೇಳಿದಂತೆ ಬರೆದ ಮಗು ಕಿವಿಗೆ ನಿಷ್ಠೆಯಿಂದಲೇ ಇದೆ. ಇದಕ್ಕಾಗಿ ಗದರಿಸಿದರೆ ಅದು ಹೆದರಿ ‘ಆನೆ’ಯನ್ನೂ ‘ಹಾನೆ’ ಎಂದು ಬರೆಯತೊಡಗುತ್ತದೆ. ‘ನಾವು ಆಡುವುದು ಹೀಗೆ, ಪುಸ್ತಕದಲ್ಲಿ ಬರೆಯುವುದು ಹೀಗೆ’ ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಸಾಕು. ‘ಹೋಗ್ತೈತೆ’, ‘ಬಂದಾನ’ ಎಂಬ ರೂಪಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮನೆಯ ಮಾತು ಕೀಳೆಂಬ ಭಾವನೆ ಒಮ್ಮೆ ಹೊಕ್ಕರೆ ಮಗು ಬರೆಯುವುದನ್ನಷ್ಟೇ ಅಲ್ಲ, ಮಾತನಾಡುವುದನ್ನೂ ಕಡಿಮೆ ಮಾಡುತ್ತದೆ.

ಇನ್ನು ಕೆಲವು ತಪ್ಪುಗಳಿಗೆ ಲಿಪಿಯ ರೀತಿಯೇ ಕಾರಣ. ‘ವರ್ಷ’, ‘ಸೂರ್ಯ’ ಎಂಬಲ್ಲಿ ‘ರ’ಕಾರ ಮೊದಲು ಉಚ್ಚಾರವಾಗುತ್ತದೆ, ಆದರೆ ಅರ್ಕಾವೊತ್ತನ್ನು ಮುಂದಿನ ಅಕ್ಷರದ ನಂತರ ಬರೆಯಬೇಕು. ಕೇಳುವ ಕ್ರಮ ಒಂದು, ಬರೆಯುವ ಕ್ರಮ ಇನ್ನೊಂದು. ಮಗು ‘ವಷ್ರ’ ಎಂದು ಬರೆದರೆ ಆಶ್ಚರ್ಯಪಡುವಂತಹದೇನೂ ಇಲ್ಲ. ‘ಚಕ್ರ’ ಮತ್ತು ‘ತರ್ಕ’ ಈ ಎರಡು ಪದಗಳನ್ನು ನಿಧಾನವಾಗಿ ಬಿಡಿಸಿ ಉಚ್ಚರಿಸಿ, ‘ರ’ ಮುಂಚೆ ಕೇಳಿಸಿತೋ ಆಮೇಲೆ ಕೇಳಿಸಿತೋ ಎಂದು ಮಗುವನ್ನೇ ಕೇಳುವುದು ಒಳ್ಳೆಯ ಉಪಾಯ.

ಒಂದು ಪುಟದಲ್ಲಿ ಹದಿನೈದು ತಪ್ಪುಗಳಿದ್ದರೆ ಹದಿನೈದನ್ನೂ ಕೆಂಪು ಶಾಯಿಯಲ್ಲಿ ಗುರುತಿಸುವುದು ಬೇಡ. ಈ ವಾರ ಒತ್ತಕ್ಷರ ಮಾತ್ರ ನೋಡೋಣ, ಮುಂದಿನ ವಾರ ದೀರ್ಘ ಎಂಬಂತೆ ಒಂದೊಂದನ್ನೇ ಹಿಡಿಯಬೇಕು. ತಿದ್ದುವ ಕೆಲಸ ಮಗುವಿನದೇ ಆಗಿರಲಿ. ‘ಈ ಸಾಲಿನಲ್ಲಿ ಒಂದು ಒತ್ತು ಬಿಟ್ಟುಹೋಗಿದೆ, ಹುಡುಕು’ ಎಂದರೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಮಗು ಮೊದಲ ಸಲ ಓದಿ ಹೇಳುವಾಗ ತಪ್ಪಿನ ಮಾತೇ ಬರಬಾರದು. ಆಗ ಕತೆ ಕೇಳಬೇಕು.

ಅಣ್ಣ, ಅಕ್ಕ ಅಥವಾ ತಂದೆಯೇ ಮಗುವಿನ ಪರವಾಗಿ ಬರೆದುಕೊಡುವುದು, ಪ್ರಾಜೆಕ್ಟ್ ಎಂದರೆ ಕಂಪ್ಯೂಟರ್ ಅಂಗಡಿಯಲ್ಲಿ ಮುದ್ರಿಸಿದ ಹಾಳೆಗಳನ್ನು ತಂದು ಅಂಟಿಸುವುದು ಈಗ ವಾಡಿಕೆಯಾಗಿದೆ. ಅಂತಹ ಪ್ರಾಜೆಕ್ಟ್‌ನಲ್ಲಿ ಬಣ್ಣವಿರುತ್ತದೆ, ಅಂಚಿರುತ್ತದೆ, ಮಗುವಿನ ಒಂದು ವಾಕ್ಯವೂ ಇರುವುದಿಲ್ಲ. ಹಣವೂ ವ್ಯರ್ಥ.

ಓದುಗರಿದ್ದರೆ ಬರವಣಿಗೆ

ಬರೆದುದನ್ನು ಯಾರೂ ಓದುವುದಿಲ್ಲವೆಂದು ಗೊತ್ತಾದರೆ ದೊಡ್ಡವರೂ ಬರೆಯುವುದಿಲ್ಲ. ಮಗುವಿನ ಬರಹಕ್ಕೆ ಮನೆಯಲ್ಲಿ ನಿಜವಾದ ಉಪಯೋಗ ಇರಬೇಕು. ಸಂತೆಯ ಚೀಟಿಯನ್ನು ಮಗು ಬರೆಯಲಿ. ‘ಬೇಳೆ’ ತಪ್ಪಾಗಿ ‘ಬಾಳೆ’ ಎಂದು ಬರೆದದ್ದಕ್ಕೆ ಬಾಳೆಹಣ್ಣು ಮನೆಗೆ ಬಂದರೆ ಆ ತಪ್ಪು ಮತ್ತೆ ಆಗುವುದಿಲ್ಲ. ಬಿತ್ತನೆ ಬೀಜದ ಡಬ್ಬಿಗಳಿಗೆ ಹೆಸರು ಮತ್ತು ತಿಂಗಳು ಬರೆದು ಅಂಟಿಸುವುದು, ಡೈರಿಗೆ ಹಾಕಿದ ಹಾಲಿನ ಲೆಕ್ಕ, ಬೇರೆ ಊರಿನಲ್ಲಿರುವ ಸೋದರಮಾವನಿಗೆ ಅಂಚೆ ಕಾರ್ಡು ಇವೆಲ್ಲ ಮಗುವಿಗೆ ಒಪ್ಪಿಸಬಹುದಾದ ಕೆಲಸಗಳು. ಕಾರ್ಡಿಗೆ ಮಾವನಿಂದ ಉತ್ತರ ಬರುವಂತೆ ನೋಡಿಕೊಳ್ಳುವುದು ದೊಡ್ಡವರ ಜವಾಬ್ದಾರಿ. ದೂರವಾಣಿಯಲ್ಲಿ ‘ನಿನ್ನ ಕಾಗದ ಬಂತು ಕಣೋ’ ಎಂದರೆ ಸಾಲದು.

ಬರೆಯುವವರಿಗೆ ಓದಲೂ ಬೇಕು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ನೀಡಲಾಗುತ್ತಿದೆ. ಸದಸ್ಯತ್ವ ಪಡೆದು ಒಂದೂ ಪುಸ್ತಕವನ್ನು ಮನೆಗೆ ಒಯ್ಯದ ಮಕ್ಕಳು ಇದ್ದಾರೆ. ಪುಸ್ತಕ ಹರಿದೀತೆಂಬ ಭಯದಿಂದ ಬೀರುವಿಗೆ ಬೀಗ ಹಾಕಿಡುವುದಕ್ಕಿಂತ ಓದಿ ಹರಿಯುವುದು ಲೇಸು. ಗ್ರಂಥಾಲಯದ ಗೋಡೆಯ ಮೇಲೆ ಒಂದು ಹಾಳೆಯ ಜಾಗವನ್ನು ಮಕ್ಕಳ ಬರಹಕ್ಕೆ ಬಿಟ್ಟುಕೊಡಬಹುದು. ಅದಕ್ಕೆ ಅನುದಾನ ಬೇಕಾಗಿಲ್ಲ. ನಾಲ್ಕು ಗುಂಡುಪಿನ್ನು ಸಾಕು.

ಮಗುವಿನ ಬರಹಕ್ಕೆ ದೊರೆಯಬಹುದಾದ ಅತಿ ಗಂಭೀರ ಓದುಗರು ಮಕ್ಕಳ ಗ್ರಾಮ ಸಭೆಯಲ್ಲಿದ್ದಾರೆ. ವರ್ಷಕ್ಕೊಮ್ಮೆ ನಡೆಯುವ ಈ ಸಭೆಗೆ ಬರುವ ಚೀಟಿಗಳಲ್ಲಿ ‘ನಮ್ಮ ಊರಿನಲ್ಲಿ ನೀರಿನ ಸಮಸ್ಯೆ ಇದೆ, ದಯವಿಟ್ಟು ಪರಿಹರಿಸಿ’ ಎಂಬ ಮಾದರಿಯವು ಹೆಚ್ಚು. ಇದನ್ನು ಓದಿದ ಅಧಿಕಾರಿ ಯಾವ ಕೆಲಸವನ್ನೂ ಕೈಗೊಳ್ಳಲಾರರು. ಯಾವ ಬೀದಿ, ಯಾವ ನಲ್ಲಿ ಎಂಬುದೇ ಅದರಲ್ಲಿಲ್ಲ. ಅದೇ ಸಮಸ್ಯೆಯನ್ನು ಮಗು ಹೀಗೆ ಬರೆಯಬಹುದು: ‘ನಮ್ಮ ಶಾಲೆಯ ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ ಗಣೇಶನ ಹಬ್ಬಕ್ಕೆ ಮುಂಚೆ ಮುರಿಯಿತು. ಈಗ ನೀರು ಬರುವುದಿಲ್ಲ. ನಾವು ಅಡುಗೆಮನೆಯ ಹತ್ತಿರದ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ತರುತ್ತೇವೆ. ಚಿಕ್ಕ ಹುಡುಗಿಯರಿಗೆ ಬಕೆಟ್ ಎತ್ತಲು ಆಗದೆ ಅವರು ಮನೆಗೆ ಹೋಗಿಬಿಡುತ್ತಾರೆ.’ ಈ ಅರ್ಜಿಯನ್ನು ಓದಿದ ನೀರುಗಂಟಿ ಮರುಪ್ರಶ್ನೆಯಿಲ್ಲದೆ ಯಾವ ಸಾಮಾನು ಹಿಡಿದು ಎಲ್ಲಿಗೆ ಹೋಗಬೇಕೆಂದು ತಿಳಿಯಬಲ್ಲನು. ಕೊನೆಯ ವಾಕ್ಯವನ್ನು ಓದಿದ ಸದಸ್ಯರಿಗೆ ಇದನ್ನು ಮುಂದಿನ ತಿಂಗಳಿಗೆ ತಳ್ಳುವುದು ಕಷ್ಟವಾಗುತ್ತದೆ.

ಕರುವಿನ ಬಗ್ಗೆ ಬರೆದ ಮಗುವೇ ಈ ಅರ್ಜಿಯನ್ನೂ ಬರೆಯಬಲ್ಲದು. ಎಲ್ಲಿ, ಎಂದಿನಿಂದ, ಯಾರಿಗೆ, ಏನಾಯಿತು ಎಂಬ ಪ್ರಶ್ನೆಗಳನ್ನು ಮನೆಯಲ್ಲಿ ನಿತ್ಯ ಕೇಳಿಸಿಕೊಂಡ ಮಗು ಅವನ್ನು ತನಗೆ ತಾನೇ ಕೇಳಿಕೊಳ್ಳಲು ಕಲಿತಿರುತ್ತದೆ. ಆದುದರಿಂದ ಸಭೆಯ ದಿನಾಂಕ ಗೊತ್ತಾದ ಕೂಡಲೇ ಪೋಷಕರು ಮಗುವನ್ನು ಕೂರಿಸಿಕೊಂಡು ಮಾತನಾಡಬೇಕು, ಬರೆದ ಅರ್ಜಿಯನ್ನು ಓದಿಸಿ ಕೇಳಬೇಕು. ದೊಡ್ಡವರೇ ಅರ್ಜಿ ಬರೆದು ಮಗುವಿನಿಂದ ಸಹಿ ಹಾಕಿಸುವುದು ಬೇಡ. ಕಾಗುಣಿತದ ತಪ್ಪುಗಳಿವೆ ಎಂಬ ಕಾರಣಕ್ಕೆ ಯಾವ ಮಗುವಿನ ಅರ್ಜಿಯನ್ನೂ ಸಭೆಯಲ್ಲಿ ಬದಿಗಿಡಬಾರದು. ಕೈಗೊಂಡ ಕ್ರಮವನ್ನು ಬರೆದ ಮಗುವಿಗೇ, ಅದರ ಹೆಸರಿಗೇ, ಲಿಖಿತವಾಗಿ ತಿಳಿಸಬೇಕು.